ಮೊದಲ ರೋಡ್ ಬೈಕಿಗೆ ಹೊಸ ವೀಲ್ ಹಾಕಿಸಬೇಕಾ?

ಭಾನುವಾರ ಬೆಳಗ್ಗೆ ಸೈಕಲ್ಲಿನಲ್ಲಿ ನಂದಿ ಬೆಟ್ಟ ಹತ್ತಿ ಇಳಿದು, ಕೆಳಗೆ ಇಡ್ಲಿ ತಿನ್ನುತ್ತಾ ನಿಂತಾಗ ಯಾರಾದರೊಬ್ಬರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. "ಸರ್, ರೋಡ್ ಬೈಕ್ ತಗೊಂಡು ಆರು ತಿಂಗಳಾಯ್ತು. ವೀಲ್‌ಸೆಟ್ ಬದಲಾಯಿಸಿದ್ರೆ ಸ್ಪೀಡ್ ಜಾಸ್ತಿ ಆಗುತ್ತಂತೆ, ಹೌದಾ?"

ವೀಲ್ ಸದ್ಯಕ್ಕೆ ಹಾಗೇ ಇರಲಿ, ಮೊದಲು ಟೈರ್ ಬದಲಾಯಿಸಿ ಅಂತ ನಾನು ಹೇಳುತ್ತೇನೆ. ಅದಕ್ಕೂ ಮೊದಲು ಗಾಳಿ ಎಷ್ಟಿದೆ ನೋಡಿ.

ನನ್ನ ಮೊದಲ ಸೈಕಲ್ಲಿಗೆ ನಾನು ಮೊದಲು ಹಾಕಿಸಿದ್ದು ವೀಲನ್ನೇ. ಹಳೇ ಜೋಡಿ 2 ಕೆಜಿ ದಾಟುತ್ತಿತ್ತು, ಹೊಸದು ಸುಮಾರು ಒಂದೂವರೆ ಕೆಜಿ. ಸೈಕಲ್ ಜೊತೆ ಬಂದಿದ್ದ ಟೈರುಗಳನ್ನೇ ಹೊಸ ವೀಲಿಗೆ ಏರಿಸಿಕೊಂಡೆ. ನಂದಿ ಹತ್ತುವಾಗ ಗಡಿಯಾರದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಒಂದು ವರ್ಷದ ನಂತರ ಆ ಟೈರ್ ಸವೆದು ಒಳ್ಳೇ ಟೈರ್ ಹಾಕಿದೆ. ದೇವನಹಳ್ಳಿ ರಸ್ತೆಯಲ್ಲಿ ಮೊದಲ ಐದು ಕಿಲೋಮೀಟರಿಗೇ ಗೊತ್ತಾಯಿತು. ಅದೇ ಕಾಲು, ಅದೇ ಗಾಳಿ. ಸೈಕಲ್ ಮಾತ್ರ ಬೇರೆ ಥರ ಹರಿಯುತ್ತಿತ್ತು.

ಇದರ ಲೆಕ್ಕ ಕಷ್ಟವಲ್ಲ. ನೀವು 75 ಕೆಜಿ, ಸೈಕಲ್ 10 ಕೆಜಿ ಅಂದುಕೊಳ್ಳಿ. ಅರ್ಧ ಕೆಜಿ ಉಳಿಸಿದರೆ ಒಟ್ಟು ಭಾರದಲ್ಲಿ 0.6 ಪರ್ಸೆಂಟ್ ಕಮ್ಮಿಯಾಯಿತು. ನಂದಿ ಹತ್ತಲು 35 ನಿಮಿಷ ಬೇಕಿದ್ದವರಿಗೆ ಹೆಚ್ಚೆಂದರೆ 12 ಸೆಕೆಂಡ್ ಉಳಿಯುತ್ತದೆ. "ವೀಲ್ ತಿರುಗುವ ಭಾರ, ಅದರ ಲೆಕ್ಕ ಬೇರೆ" ಅಂತ ಕೆಲವರು ಹೇಳುತ್ತಾರೆ. ಅದು ನಿಜ, ಆದರೆ ವೇಗ ಏರಿಸುವ ಗಳಿಗೆಗೆ ಮಾತ್ರ. ಒಂದೇ ಲಯದಲ್ಲಿ ಹತ್ತುತ್ತಿರುವಾಗ ರಿಮ್ಮಿನ ಅರ್ಧ ಕೆಜಿಯೂ ಒಂದೇ, ನೀರಿನ ಬಾಟಲಿಯ ಅರ್ಧ ಲೀಟರೂ ಒಂದೇ. ಎತ್ತರದ ಕಾರ್ಬನ್ ರಿಮ್ ಗಾಳಿ ಸೀಳಲು ಒಳ್ಳೆಯದೇ. ಅದರ ಪ್ರಯೋಜನ ಸರಿಯಾಗಿ ಸಿಗಬೇಕಾದರೆ 30 ಕಿಲೋಮೀಟರಿಗಿಂತ ಜಾಸ್ತಿ ವೇಗ ಹಿಡಿದಿಟ್ಟುಕೊಳ್ಳಬೇಕು.

ಟೈರ್ ವಿಷಯ ಹಾಗಲ್ಲ. ಅದು ಪ್ರತಿ ಸುತ್ತಿನಲ್ಲೂ ನೆಲಕ್ಕೆ ಒತ್ತಿ ಚಪ್ಪಟೆಯಾಗಿ ಮತ್ತೆ ಉಬ್ಬುತ್ತದೆ. ಆ ಮಡಚಾಟದಲ್ಲಿ ನಿಮ್ಮ ಶಕ್ತಿ ಬಿಸಿಯಾಗಿ ಹೋಗುತ್ತದೆ. ಕಮ್ಮಿ ಬೆಲೆಯ ಸೈಕಲ್ಲಿನ ಜೊತೆ ಬರುವ ಟೈರಿನ ಅಂಚಿನಲ್ಲಿ ಉಕ್ಕಿನ ತಂತಿ ಇರುತ್ತದೆ, ಒಳಗಿನ ಬಟ್ಟೆಯ ನೂಲು ದಪ್ಪ, ರಬ್ಬರ್ ಗಡಸು. ಒಳ್ಳೇ ಟೈರಿನ ಅಂಚಿನಲ್ಲಿ ಕೆವ್ಲಾರ್‌ನಂಥ ನೂಲು ಇರುವುದರಿಂದ ಅದನ್ನು ಮಡಚಬಹುದು. ಮೈ ತೆಳು, ಮೆದು. 28 ಕಿಲೋಮೀಟರ್ ವೇಗದಲ್ಲಿ ಇವೆರಡರ ನಡುವಿನ ಅಂತರ ಜೋಡಿಗೆ 10ರಿಂದ 15 ವ್ಯಾಟ್‌ವರೆಗೂ ಹೋಗುತ್ತದೆ. ಹೊಸಬರು ಒಂದು ಗಂಟೆ ಹೊತ್ತು ತುಳಿಯುವುದು ಸುಮಾರು 150 ವ್ಯಾಟ್. ಅದರಲ್ಲಿ ಹತ್ತನೇ ಒಂದು ಭಾಗ ಸುಮ್ನೆ ರಬ್ಬರಿಗೆ ಹೋಗುತ್ತಿತ್ತು ಅಂದರೆ ಬೇಜಾರಾಗುತ್ತೆ, ಅಲ್ವಾ?

ಯಾವ ಟೈರ್ ಅಂತ ಕೇಳಿದರೆ, ವೇಗಕ್ಕೆ ನಾನು ಹಾಕುವುದು ಕಾಂಟಿನೆಂಟಲ್ ಜಿಪಿ 5000. ದಿನಾ ಆಫೀಸಿಗೆ ಹೋಗುವವರಿಗೆ, ರಾತ್ರಿ ಒಬ್ಬರೇ ಉದ್ದದ ಬ್ರೆವೇ (ನಿಗದಿತ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿ) ಓಡಿಸುವವರಿಗೆ ಅದೇ ಕಂಪನಿಯ ಗೇಟರ್‌ಸ್ಕಿನ್‌ನಂಥ ಟೈರ್ ಒಳ್ಳೆಯದು. ಅದು ಸ್ವಲ್ಪ ನಿಧಾನ, ಆದರೆ ಗಟ್ಟಿ. ನಮ್ಮ ಹೆದ್ದಾರಿಗಳ ಅಂಚಿನಲ್ಲಿ ಒಡೆದ ಲಾರಿ ಟೈರುಗಳ ಸಣ್ಣ ತಂತಿ ಚೂರುಗಳು ಬಿದ್ದಿರುತ್ತವೆ. ಕೂದಲಿನಷ್ಟೇ ತೆಳುವಾದರೂ ಟ್ಯೂಬಿನವರೆಗೆ ಇಳಿಯುತ್ತವೆ. ಹಳ್ಳಿ ರಸ್ತೆಯ ಬದಿಯಲ್ಲಿ ನೆಗ್ಗಿಲು ಮುಳ್ಳು ಕಾಯುತ್ತಿರುತ್ತದೆ. ಪಂಚರ್ ಹಾಕುವಾಗ ಟೈರಿನ ಒಳಮೈಯನ್ನು ಬಟ್ಟೆಯಿಂದ ಒಂದು ಸುತ್ತು ಒರೆಸಿ ನೋಡಿ. ಆ ತಂತಿ ಅಲ್ಲೇ ಉಳಿದಿದ್ದರೆ ಹೊಸ ಟ್ಯೂಬೂ ಹತ್ತೇ ನಿಮಿಷ.

ಟೈರಿನ ಅಗಲ 28 ಮಿಲಿಮೀಟರ್ ಇರಲಿ. ಹಳೇ ರಿಮ್ ಬ್ರೇಕ್ (ರಿಮ್ಮನ್ನೇ ಒತ್ತಿ ಹಿಡಿಯುವ ಬ್ರೇಕ್) ಸೈಕಲ್ಲುಗಳಲ್ಲಿ ಕೆಲವಕ್ಕೆ 25ರ ಮೇಲೆ ಹಿಡಿಸುವುದಿಲ್ಲ, ಬ್ರೇಕಿನ ಕೆಳಗೆ ಉಜ್ಜುತ್ತದೆ. ಕೊಳ್ಳುವ ಮೊದಲು ಫೋರ್ಕ್, ಬ್ರೇಕ್, ಹಿಂದಿನ ಫ್ರೇಮ್ ಮೂರೂ ಕಡೆ ಜಾಗ ಅಳೆಯಿರಿ.

ಇನ್ನು ಗಾಳಿ. ಇದಕ್ಕೆ ದುಡ್ಡೇ ಬೇಡ, ಆದರೂ ಹೆಚ್ಚಿನವರು ತಪ್ಪುವುದು ಇಲ್ಲೇ. ಟೈರಿನ ಪಕ್ಕದಲ್ಲಿ 115 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಅಂತ ಬರೆದಿದ್ದರೆ ಅಷ್ಟೇ ಹೊಡೆಯುತ್ತಾರೆ. ಅದು ದಾಟಬಾರದ ಮಿತಿ, ಅಷ್ಟು ಹೊಡೆಯಬೇಕು ಅಂತಲ್ಲ. ನಯವಾದ ನೆಲದ ಮೇಲೆ ಗಟ್ಟಿ ಟೈರ್ ಚೆನ್ನಾಗಿಯೇ ಓಡುತ್ತದೆ. ಜಲ್ಲಿ ಎದ್ದ ರಸ್ತೆಯಲ್ಲಿ ಅದು ಪ್ರತಿ ಕಲ್ಲಿಗೂ ಪುಟಿಯುತ್ತದೆ, ಆ ಏಟನ್ನೆಲ್ಲ ನಿಮ್ಮ ಮೈ ತಿನ್ನುತ್ತದೆ. 75 ಕೆಜಿ ಸವಾರರಿಗೆ 28ರ ಟೈರಿನಲ್ಲಿ, ಟ್ಯೂಬ್ ಇದ್ದರೆ, ಮುಂದೆ 65, ಹಿಂದೆ 70ರ ಆಸುಪಾಸು ಸಾಕು. 25ರದ್ದಾದರೆ 80ರಿಂದ 85. ತೀರಾ ಕಮ್ಮಿಯೂ ಬೇಡ. ಗುಂಡಿಗೆ ಬಿದ್ದಾಗ ಟ್ಯೂಬು ರಿಮ್ಮಿಗೆ ಸಿಕ್ಕಿ ಹಾವು ಕಚ್ಚಿದ ಹಾಗೆ ಎರಡು ತೂತಾಗುತ್ತದೆ. ಮೀಟರ್ ಇರುವ ಪಂಪ್ ಒಂದು ಮನೆಯಲ್ಲಿರಲಿ, ಐದೈದು ಪಿಎಸ್‌ಐ ಹೆಚ್ಚುಕಮ್ಮಿ ಮಾಡಿ ನಿಮ್ಮದೇ ರಸ್ತೆಯಲ್ಲಿ ಓಡಿಸಿ ನೋಡಿ. ಟ್ಯೂಬ್‌ಲೆಸ್ ಆಮೇಲೆ ನೋಡೋಣ. ಅದಕ್ಕೆ ತಕ್ಕ ರಿಮ್ ಬೇಕು, ತೂತು ಮುಚ್ಚುವ ದ್ರವ, ಅಂದರೆ ಸೀಲೆಂಟ್, ಒಣಗಿದಂತೆಲ್ಲ ಮತ್ತೆ ತುಂಬುತ್ತಿರಬೇಕು.

ಹಾಗಾದರೆ ವೀಲ್ ಯಾವಾಗ? ರಿಮ್ ಬ್ರೇಕ್ ಆದರೆ ಬ್ರೇಕ್ ಒತ್ತುವ ಜಾಗ ಸವೆದು ಒಳಗೆ ತಗ್ಗಾದಾಗ. ಮಳೆಗಾಲದ ಕೆಸರು ಮರಳು ಅದನ್ನು ಬೇಗ ತಿನ್ನುತ್ತದೆ. ಕಡ್ಡಿಗಳು ಮೇಲಿಂದ ಮೇಲೆ ಮುರಿಯುತ್ತಿದ್ದರೆ ಕೂಡ. ಅಲ್ಲಿಯತನಕ ವೀಲಿನ ನಡುವಿನ ಹಬ್ ಬಿಚ್ಚಿಸಿ ಗ್ರೀಸ್ ಹಾಕಿಸಿ, ಬೆಂಡ್ ತೆಗೆಸಿ. ಹೊಸದು ಕೊಳ್ಳುವಾಗ ನಿಮ್ಮ ಆಕ್ಸಲ್, ಬ್ರೇಕ್, ಹಿಂದಿನ ಗೇರ್ ಎಷ್ಟು ಸ್ಪೀಡಿನದು (ಅಂದರೆ ಎಷ್ಟು ಹಲ್ಲುಚಕ್ರ ಇವೆ), ಇಷ್ಟನ್ನೂ ಬರೆದುಕೊಂಡು ಅಂಗಡಿಗೆ ಹೋಗಿ. ಶಿಮಾನೋ 8, 9, 10 ಸ್ಪೀಡ್ ಕ್ಯಾಸೆಟ್ಟನ್ನು (ಹಿಂದಿನ ಹಲ್ಲುಚಕ್ರಗಳ ಗುಚ್ಛ) 11 ಸ್ಪೀಡಿನ ಹಬ್ಬಿಗೆ 1.85 ಮಿಲಿಮೀಟರ್ ವಾಷರ್ ಕೊಟ್ಟು ಕೂರಿಸಬಹುದು. 7 ಸ್ಪೀಡಿನ ಕೆಲವು ಸೈಕಲ್ಲುಗಳಲ್ಲಿ ಕ್ಯಾಸೆಟ್ ಬದಲು ಸ್ಕ್ರೂ ಥರ ತಿರುಗಿಸಿ ಕೂರಿಸುವ ಫ್ರೀವೀಲ್ ಇರುತ್ತದೆ, ಅದು ಹೊಸ ಹಬ್ಬಿಗೆ ಕೂರುವುದೇ ಇಲ್ಲ.

ಹಳೇ ವೀಲ್ ಮಾರಲು ಹೋಗಬೇಡಿ. ಬೆಲೆ ಬರುವುದಿಲ್ಲ. ಗೇಟರ್‌ಸ್ಕಿನ್ ಏರಿಸಿ ಗೋಡೆಗೆ ತೂಗುಹಾಕಿ, ಜೂನ್‌ನಲ್ಲಿ ಮಳೆ ಹಿಡಿದಾಗ ಇಳಿಸಿಕೊಳ್ಳಿ.