ಅರ್ಧ ಅವಧಿಯ ಸಂಕ್ರಾಂತಿ

ನಮ್ಮ ಲಯನ್ಸ್ ಸೇವಾ ಕ್ಲಬ್ಬಿನ ವರ್ಷ ಜುಲೈ 1ಕ್ಕೆ ಶುರುವಾಗಿ ಜೂನ್ 30ಕ್ಕೆ ಮುಗಿಯುತ್ತದೆ. ಊರಿನವರೆಲ್ಲ ಹೊಸ ಕ್ಯಾಲೆಂಡರ್ ತೂಗುಹಾಕುವ ಹೊತ್ತಿಗೆ ಕ್ಲಬ್ ಅಧ್ಯಕ್ಷನ ಅವಧಿ ಸರಿಯಾಗಿ ಅರ್ಧ ಮುಗಿದಿರುತ್ತದೆ. ಆಗಲೇ ಉಡುಪಿಯ ಕೃಷ್ಣ ಮಠದಲ್ಲಿ ಏಳು ದಿನದ ಸಪ್ತೋತ್ಸವ, ಮಕರ ಸಂಕ್ರಾಂತಿ, ರಥಬೀದಿಯಲ್ಲಿ ಮೂರು ತೇರು. ಮಧ್ವಾಚಾರ್ಯರು ಕೃಷ್ಣನನ್ನು ಇಲ್ಲಿ ಪ್ರತಿಷ್ಠೆ ಮಾಡಿದ್ದು ಸಂಕ್ರಾಂತಿಯಂದೇ ಎನ್ನುವುದು ನಂಬಿಕೆ. ಜೊತೆಗೆ 2026 ಪರ್ಯಾಯದ ವರ್ಷ ಬೇರೆ, ಅಂದರೆ ಕೃಷ್ಣಪೂಜೆಯ ಸರದಿ ಒಂದು ಮಠದಿಂದ ಇನ್ನೊಂದಕ್ಕೆ ದಾಟುವ ವರ್ಷ. ಜನವರಿ 18ಕ್ಕೆ ಕೃಷ್ಣಪೂಜೆ ಪುತ್ತಿಗೆ ಮಠದಿಂದ ಶೀರೂರು ಮಠಕ್ಕೆ. ಊರಿಡೀ ಕಮಾನು, ಲೈಟು. ಗಾಡಿ ನಿಲ್ಲಿಸಲು ಮಾತ್ರ ಜಾಗ ಇಲ್ಲ!

ಪರ್ಯಾಯದ ಕ್ರಮವೇ ನನಗೆ ಬಹಳ ಇಷ್ಟ. ಮೊದಲು ಎಂಟು ಮಠದವರಿಗೂ ಎರಡೆರಡು ತಿಂಗಳ ಸರದಿ ಇತ್ತಂತೆ. ಅದನ್ನು ಎರಡು ವರ್ಷ ಮಾಡಿದವರು ಸೋದೆ ಮಠದ ವಾದಿರಾಜರು. ಒಂದು ಮಠದ ಸರದಿ ಮತ್ತೆ ಬರಲು ಈಗ 16 ವರ್ಷ ಬೇಕು. ಇಳಿಯುವ ಸ್ವಾಮಿಗಳು ಏರುವ ಸ್ವಾಮಿಗಳ ಕೈಗೆ ಕೊಡುವುದು ಅಕ್ಷಯ ಪಾತ್ರೆ ಮತ್ತು ಸಟ್ಟುಗ. ಅಧಿಕಾರದ ಗುರುತಾಗಿ ಬಡಿಸುವ ಸಟ್ಟುಗ ಕೊಡುವ ಜಾಗ ಬೇರೆಲ್ಲಾದರೂ ಉಂಟಾ? ನನಗಂತೂ ಗೊತ್ತಿಲ್ಲ. ಕ್ಲಬ್ ಅಧ್ಯಕ್ಷನ ಕೈಗೆ ಸಿಗುವುದೂ ಅಂಥದ್ದೇ ಒಂದು ಸಟ್ಟುಗ. ಅಕ್ಕಿ ತಂದವರು, ಒಲೆ ಉರಿಸಿದವರು ಬೇರೆ. ಪೇಪರಿನ ಫೋಟೋದಲ್ಲಿ ಕಾಣುವುದು ಮಾತ್ರ ಬಡಿಸುವವನ ಮುಖ.

ಜುಲೈಯಲ್ಲಿ ಅಧ್ಯಕ್ಷನಾಗಿ ನನ್ನ ಪದಗ್ರಹಣ ಮುಗಿದ ಮರುದಿನ ಮಠಕ್ಕೆ ಹೋಗಿ ಹರಕೆ ಹೇಳಿಕೊಂಡಿದ್ದೆ. ಅರ್ಧ ಅವಧಿ ಮರ್ಯಾದೆಯಲ್ಲಿ ಕಳೆದರೆ ಪರ್ಯಾಯದ ಹೊರೆಕಾಣಿಕೆಗೆ (ಭಕ್ತರು ಮಠಕ್ಕೆ ಒಪ್ಪಿಸುವ ದವಸಧಾನ್ಯ) ಅಕ್ಕಿ ಒಪ್ಪಿಸುತ್ತೇನೆ, ಎಲ್ಲರ ಹೆಸರಿನಲ್ಲಿ. ಡಿಸೆಂಬರ್ ಮೀಟಿಂಗ್ ಮುಗಿದು ಚಾ ಕುಡಿಯುವಾಗ ಇದನ್ನು ಹೇಳಿದೆ. ನಮ್ಮ ಖಜಾಂಚಿ ಲೋಟ ಕೆಳಗಿಟ್ಟರು. "ಅಧ್ಯಕ್ಷರೇ, ಸೇವಾ ಖಾತೆಯ ಹಣ ಇದಕ್ಕೆ ಬರುದಿಲ್ಲ. ಈಗಲೇ ಹೇಳಿದ್ದೇನೆ." ಊರವರಿಂದ ಎತ್ತಿದ ಹಣ ಊರವರ ಸೇವೆಗೇ ಹೋಗಬೇಕು, ಲಯನ್ಸ್ ನಿಯಮ ಅದು. ಕ್ಲಬ್ಬಿನಲ್ಲಿ ಮತಧರ್ಮದ ಚರ್ಚೆಯೂ ಕೂಡದು. ಕ್ಲಬ್ಬಿನ ಹಣವನ್ನು ನಾನು ಕೇಳಿರಲೇ ಇಲ್ಲ, ಆದರೂ ಅವರು ಹೇಳಿದ ರೀತಿಗೆ ಖುಷಿಯಾಯಿತು. ಒಂದು ರೂಪಾಯಿಯನ್ನೂ ಹೀಗೆ ಕಾಯುವವರು ಪಕ್ಕದಲ್ಲಿದ್ದರೆ ಅಧ್ಯಕ್ಷನಿಗೆ ರಾತ್ರಿ ನಿದ್ದೆ ಬರುತ್ತದೆ. ಮರುವಾರ ನನ್ನ ಮನೆಯ ಜಗಲಿಗೆ ಮೊದಲ ಕುಚ್ಚಲಕ್ಕಿ ಗೋಣಿ ಬಂದದ್ದು ಅವರದ್ದೇ, ಸ್ವಂತ ಹಣದ್ದು. ಕಾರ್ಯದರ್ಶಿ ಕೆಥೊಲಿಕ್ ಹೆಂಗಸು. ಕ್ರಿಸ್ಮಸ್ ತಿಂಡಿ ಕುಸ್ವಾರ್ ಡಬ್ಬದ ಜೊತೆ ತಮ್ಮ ತೋಟದ ತೆಂಗಿನಕಾಯಿಯನ್ನೂ ಕಳಿಸಿದರು. ನಾನು ಯಾರನ್ನೂ ಕೇಳಿರಲಿಲ್ಲ.

ಈ ಆರು ತಿಂಗಳಲ್ಲಿ ನಾವು ಮಾಡಿದ್ದರಲ್ಲಿ ದೊಡ್ಡದು ಕಣ್ಣಿನ ಶಿಬಿರ. ಲಯನ್ಸ್‌ನವರಿಗೆ ಇದು ಹಳೇ ಋಣ. 1925ರ ಜೂನ್ 30ರಂದು ಅಮೆರಿಕದ ಓಹಾಯೋದಲ್ಲಿ ನಡೆದ ಲಯನ್ಸ್ ಸಮ್ಮೇಳನದಲ್ಲಿ ಕಣ್ಣು ಕಾಣದ, ಕಿವಿ ಕೇಳದ ಲೇಖಕಿ ಹೆಲೆನ್ ಕೆಲ್ಲರ್ ಎದ್ದು ನಿಂತು, ಕುರುಡರ ಪರವಾಗಿ ನಿಲ್ಲಿ ಎಂದು ಕೇಳಿಕೊಂಡರು. ಅಲ್ಲಿಂದ ಕಣ್ಣಿನ ಕೆಲಸ ಕ್ಲಬ್ಬುಗಳಿಗೆ ಅಂಟಿಕೊಂಡಿತು.

ಶಿಬಿರ ಅಂದರೆ ಬ್ಯಾನರ್, ಭಾಷಣ ಅಂದುಕೊಳ್ಳುತ್ತಾರೆ. ನಿಜವಾದ ಕೆಲಸ ಬೆಂಚಿನ ಮೇಲೆ. ಪಾಪೆ ಅಗಲಿಸುವ ಔಷಧದ ಹನಿ ಬಿಟ್ಟ ಮೇಲೆ ಸುಮಾರು ಹೊತ್ತು ಕಣ್ಣು ಮುಚ್ಚಿ ಕೂರಬೇಕು. ಕಾಯುವುದು ವಯಸ್ಸಾದವರಿಗೆ ಬೇಜಾರು. ಎದ್ದು ಹೊರಟೇಬಿಡುತ್ತಾರೆ. ನಮ್ಮ ಒಬ್ಬ ಸದಸ್ಯರು ನಿವೃತ್ತ ಮೇಷ್ಟ್ರು. ಹನಿ ಬಿಟ್ಟವರ ಸಾಲಿನಲ್ಲೇ ಕುರ್ಚಿ ಹಾಕಿಕೊಂಡು, ಒಬ್ಬೊಬ್ಬರ ಮನೆ ಎಲ್ಲಿ, ಮಕ್ಕಳು ಎಷ್ಟು, ಗದ್ದೆ ಉಂಟಾ ಅಂತ ಸುಮ್ನೆ ಮಾತಾಡಿಸುತ್ತಾ ಕೂತರು. ಒಬ್ಬರೂ ಏಳಲಿಲ್ಲ. ಅಲ್ಲೇ ಒಬ್ಬ ಅಜ್ಜಿ ಹೇಳಿದರು: "ಕಿಂಡಿಯಲ್ಲಿ ನನಗೆ ದೀಪ ಮಾತ್ರ ಕಾಣುದು ಮಗಾ. ಕೃಷ್ಣ ಕಾಣುದಿಲ್ಲ." ಮಠದಲ್ಲಿ ಕೃಷ್ಣನನ್ನು ನೋಡುವುದೇ ಒಂದು ಕಿಂಡಿಯ ಮೂಲಕ. ಅಜ್ಜಿಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್‌ಗೆ ಕರೆದುಕೊಂಡು ಹೋಗಿ, ಕಪ್ಪು ಕನ್ನಡಕ ಹಾಕಿಸಿ ವಾಪಸ್ ಮನೆ ಬಾಗಿಲಿಗೆ ಬಿಟ್ಟವರು ಇನ್ನೊಬ್ಬ ಸದಸ್ಯರು, ತಮ್ಮ ಅಂಗಡಿ ಮುಚ್ಚಿ. ಆ ದಿನದ ವ್ಯಾಪಾರ ಹೋಯಿತಲ್ಲ ಅಂದರೆ, "ಬಿಡಿ ಮಾರಾಯ್ರೆ, ನಾಳೆ ಉಂಟಲ್ಲ" ಅಂದರು.

ಅಕ್ಕಿ ಒಪ್ಪಿಸಿ ಆದ ಮೇಲೆ, ಸಂಕ್ರಾಂತಿಯ ಸಂಜೆ ದರ್ಶನದ ಸಾಲಿನಲ್ಲಿ ನಿಂತೆ. ಒಳಗೆ ಹೋಗುವ ಮೊದಲು ಗಂಡಸರು ಅಂಗಿ ತೆಗೆಯಬೇಕಲ್ಲ. ನನ್ನದೂ ತೆಗೆದು ಮಡಚಿ ಕಂಕುಳಲ್ಲಿ ಇಟ್ಟುಕೊಂಡೆ. ಅಧ್ಯಕ್ಷನ ಪಿನ್ ಅದರಲ್ಲೇ ಇತ್ತು, ನಡೆಯುವಾಗೆಲ್ಲ ಪಕ್ಕೆಗೆ ಚುಚ್ಚುತ್ತಿತ್ತು. ಸಾಲಿನಲ್ಲಿ ನನ್ನ ಹಿಂದಿದ್ದ ಪುಟ್ಟ ಹುಡುಗ ಅದನ್ನು ನೋಡಿ, "ಅಂಕಲ್, ನೀವು ಪೊಲೀಸಾ?" ಅಂತ ಕೇಳಿದ.

ಒಂಬತ್ತು ತೂತಿನ ಬೆಳ್ಳಿ ಕಿಂಡಿಯ ಮುಂದೆ ನಿಲ್ಲಲು ಸಿಗುವುದು ಒಂದೆರಡು ಉಸಿರಿನಷ್ಟು ಹೊತ್ತು. ಹಿಂದಿನವರು ನೂಕುತ್ತಾರೆ. ಬಲಗೈಯ ಕಡಗೋಲು ಕಂಡಿತು, ಎಡಗೈಯ ಹಗ್ಗ ಕಂಡಿತು. ನನಗೆ ಕಾಣುತ್ತಿದೆ ಎನ್ನುವುದೇ ಆ ಕ್ಷಣ ದೊಡ್ಡದಾಗಿ ಕಂಡಿತು. ಅಜ್ಜಿ ಆಮೇಲೆ ಬಂದು ನೋಡಿದರೋ ಏನೋ. ನೋಡಿರಲಿ ಎಂದು ಬೇಡಿಕೊಂಡೆ.

ಎಲ್ಲರ ಹೆಸರಿನಲ್ಲೂ ಒಂದೊಂದು ಸೇವೆ ಮಾಡಿಸುವ ಆಸೆ ಇತ್ತು. ಆದರೆ ಗೋತ್ರ, ನಕ್ಷತ್ರ ಕೇಳಿದರೆ ಏನು ಹೇಳಲಿ? ಕೆಲವರದು ನನಗೆ ಗೊತ್ತಿಲ್ಲ, ಕೆಲವರಿಗೆ ಅದು ಇಲ್ಲವೇ ಇಲ್ಲ. ಮಧ್ವ ಸರೋವರದ ಮೆಟ್ಟಿಲಲ್ಲಿ ಕೂತು ಕ್ಲಬ್ಬಿನ ವಾಟ್ಸಾಪ್ ಗ್ರೂಪ್ ತೆಗೆದೆ. ಮೇಲಿಂದ ಕೆಳಗೆ ಒಂದೊಂದೇ ಹೆಸರು ಓದುತ್ತಾ ಹೋದೆ. ಮೀಟಿಂಗಿಗೆ ಬರದವರ ಹೆಸರೂ ಸೇರಿತು, ಬಿಡುವುದು ಹೇಗೆ! ಕೆಲವು ಹೆಸರಿನ ಹತ್ತಿರ ಜಾಸ್ತಿ ಹೊತ್ತು ನಿಂತೆ. ಇವರಿಗೆ ಆರೋಗ್ಯ ಕೊಡು, ಇವರ ಮಗಳ ಮದುವೆ ಸಾಂಗವಾಗಿ ಆಗಲಿ, ಇವರ ಮಂಡಿನೋವು ಕಮ್ಮಿ ಮಾಡು. ಅಷ್ಟರಲ್ಲಿ ತೇರು ಹೊರಟ ಡೋಲು, ವಾದ್ಯ ಕೇಳಿತು. ಎದ್ದು ಓಡಿದೆ.

ಮುಂದಿನ ಮೀಟಿಂಗಿನಲ್ಲಿ ಪ್ರಸಾದ ಹಂಚಿ, ಒಬ್ಬೊಬ್ಬರ ಕೆಲಸ ನೆನೆಸಿ ಥ್ಯಾಂಕ್ಸ್ ಹೇಳಲು ನಿಂತೆ. ಲಯನ್ಸ್‌ನಲ್ಲಿ ಟೈಲ್ ಟ್ವಿಸ್ಟರ್ ಅಂತ ಒಂದು ಹುದ್ದೆ ಉಂಟು. ಸಭೆಯಲ್ಲಿ ತಮಾಷೆಗೆ ದಂಡ ಹಾಕುವುದು ಅವರ ಕೆಲಸ. ಅವರು ಗಡಿಯಾರ ನೋಡಿ ಎದ್ದು ನಿಂತರು: "ಅಧ್ಯಕ್ಷರಿಗೆ ಮಾತು ಜಾಸ್ತಿ ಆಯಿತು, ಊಟ ತಣ್ಣಗಾಗುತ್ತಿದೆ, ನೂರು ರೂಪಾಯಿ ದಂಡ." ಇನ್ನೂ ನಾಲ್ಕು ಹೆಸರು ಬಾಕಿ ಇತ್ತು. ಇನ್ನೂರು ಕೊಟ್ಟು ಪೂರ್ತಿ ಹೇಳಿ ಮುಗಿಸಿದೆ. ಖಜಾಂಚಿ ರಸೀದಿ ಬರೆದರು.