ಹಿಮಾಲಯನ್ ರಿಪೇರಿ, ನಾಲ್ಕನೇ ಭಾನುವಾರ: ಚಾರ್ಜಿಂಗ್ ಸರಿಹೋಯ್ತು

ಹೋದ ವಾರದ ತನಕ ನನ್ನ ಈ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಬೈಕನ್ನು ಸೊಸೈಟಿ ಗೇಟಿನ ಇಳಿಜಾರಿಗೆ ತಂದು, ಸೆಕೆಂಡ್ ಗೇರಿಗೆ ಹಾಕಿ, ತಳ್ಳಿ ಸ್ಟಾರ್ಟ್ ಮಾಡುತ್ತಿದ್ದೆ. ಹಿಮಾಲಯನ್‌ಗೆ ಕಿಕ್ ಇಲ್ಲ. ಬ್ಯಾಟರಿ ಕೈಕೊಟ್ಟರೆ ತಳ್ಳುವುದೊಂದೇ ದಾರಿ. ಇವತ್ತು ಬೆಳಿಗ್ಗೆ ಸೆಲ್ಫ್ ಒತ್ತಿದ ಕೂಡಲೇ ಎದ್ದಿತು. ತುಂಬಾ ಖುಷಿಯಾಯ್ತು.

ಹೊಸದಾಗಿ ಓದುತ್ತಿರುವವರಿಗೆ: ಇದು 2016ರ ಗಾಡಿ, 411 ಸಿಸಿ, ಮುಂದೆ 21 ಇಂಚಿನ ಚಕ್ರ. ಮರುವರ್ಷ ಬಿಎಸ್4 ಮಾಲಿನ್ಯ ನಿಯಮದ ಜೊತೆಗೆ ಫ್ಯುಯಲ್ ಇಂಜೆಕ್ಷನ್ ಬಂತು, ಆದರೆ ನನಗೆ ಕಾರ್ಬುರೇಟರಿನದ್ದೇ ಬೇಕಿತ್ತು. ಪುಣೆ ಹತ್ತಿರದ ಚಿಂಚವಾಡದ ಪಾರ್ಕಿಂಗ್‌ನಲ್ಲಿ ಕೂತು ನಾನೇ ಬಿಚ್ಚಿ ಜೋಡಿಸಬಹುದು ಅಲ್ವಾ, ಅದಕ್ಕೆ. ಹಿಂದಿನ ಮಾಲೀಕರು ಎಂಟು ತಿಂಗಳಲ್ಲಿ ಎರಡು ಬ್ಯಾಟರಿ ಬದಲಿಸಿದ್ದರು. ಮೂರನೆಯದನ್ನು ತರಲು ನಾನೂ ಹೊರಟಿದ್ದೆ. ಪಕ್ಕದ ಬಿಲ್ಡಿಂಗಿನ ಗದಗಿನ ಕಾಕಾ ತಡೆದರು. ಅವರು ಪಿಂಪ್ರಿಯಲ್ಲಿ ಬಹಳ ವರ್ಷ ಗಾಡಿಗಳ ವೈರಿಂಗ್ ಕೆಲಸ ಮಾಡಿದವರು. “ಬ್ಯಾಟರಿ ಅಂದ್ರ ಕೊಡ ಇದ್ದಂಗ. ನಳಾನ ಬರವಲ್ದು, ಹೊಸಾ ಕೊಡಾ ತಂದು ಏನ್ ಮಾಡ್ತೀಪಾ? ಮೊದ್ಲ ನಳಾ ನೋಡು” ಅಂದರು.

ಹಾಗಾಗಿ ಮೊದಲ ಎರಡು ಭಾನುವಾರ ಬರೀ ಅಳತೆ. ರಾತ್ರಿಯಿಡೀ ಚಾರ್ಜರಿಗೆ ಹಾಕಿದ ಬ್ಯಾಟರಿ ಮರುದಿನ 12.7 ವೋಲ್ಟ್ ತೋರಿಸಿತು. ಸೆಲ್ಫ್ ಹೊಡೆಯುವಾಗಲೂ 10.4ಕ್ಕಿಂತ ಕೆಳಗೆ ಇಳಿಯಲಿಲ್ಲ. ಅಂದರೆ ಬ್ಯಾಟರಿ ಚೆನ್ನಾಗಿದೆ. ಆದರೆ ಎಂಜಿನ್ ಓಡುವಾಗ 4000 ಆರ್‌ಪಿಎಂನಲ್ಲೂ 12.8. ಅಲ್ಲಿ 14ರ ಆಸುಪಾಸು ಇರಬೇಕು. ಫಾಗ್ ಲೈಟ್ ಹಾಕಿದರೆ 12.2ಕ್ಕೆ ಬೀಳುತ್ತಿತ್ತು. ಗಾಡಿ ಓಡಿದಷ್ಟೂ ಬ್ಯಾಟರಿ ಖಾಲಿಯಾಗುತ್ತಿತ್ತು.

ಆಮೇಲೆ ಸ್ಟೇಟರ್, ಅಂದರೆ ಎಂಜಿನ್ ಓಡುವಾಗ ಕರೆಂಟ್ ಹುಟ್ಟಿಸುವ ಸುರುಳಿ. ಅದರಿಂದ ಬರುವ ಮೂರು ವೈರುಗಳ ಕಪ್ಲರ್ (ವೈರು ಜೋಡಿಸುವ ಪ್ಲಗ್) ಬಿಚ್ಚಿ, ಸ್ಟೇಟರ್ ಕಡೆಯಿಂದ ಎರಡೆರಡರ ನಡುವೆ ಎಸಿ ವೋಲ್ಟೇಜ್ ನೋಡಿದೆ. ಮೂರು ಜೋಡಿಯಲ್ಲೂ ಒಂದೇ ಲೆಕ್ಕ, ಎಕ್ಸಿಲರೇಟರ್ ಏರಿಸಿದಂತೆ ಏರುತ್ತಿತ್ತು. ಎಂಜಿನ್ ಬಂದ್ ಮಾಡಿ ನೋಡಿದರೆ ಅರ್ಥಿಂಗಿಗೆ ಎಲ್ಲೂ ತಾಗಿಲ್ಲ. ಒಂದು ಮಾತು: ಈ ವೈರುಗಳ ಓಮ್ ಲೆಕ್ಕ ಒಂದಕ್ಕಿಂತ ಕಡಿಮೆ ಬರುತ್ತದೆ. ಮೀಟರಿನ ಎರಡು ಕಡ್ಡಿಗಳನ್ನು ಮೊದಲು ಒಂದಕ್ಕೊಂದು ತಾಗಿಸಿ ನೋಡಿ. ನನ್ನ ಮೀಟರ್ ಆಗಲೇ 0.3 ತೋರಿಸುತ್ತದೆ. ಅದನ್ನು ಕಳೆಯಬೇಕು.

ಸ್ಟೇಟರ್ ಸರಿ ಇದೆ ಅಂತಾದ ಮೇಲೆ ಆರ್‌ಆರ್ ಯೂನಿಟ್ (ಎಸಿಯನ್ನು ಡಿಸಿ ಮಾಡಿ ವೋಲ್ಟೇಜ್ ಹಿಡಿತದಲ್ಲಿಡುವ ರೆಗ್ಯುಲೇಟರ್ ರೆಕ್ಟಿಫೈಯರ್) ಹೋಗಿದೆ ಅಂತಲೇ ಅಂದುಕೊಂಡೆ. ಕಾಕಾ ಒಪ್ಪಲಿಲ್ಲ. ಕೈಯಲ್ಲಿದ್ದ ಕಪ್ಲರನ್ನು ತೆಗೆದುಕೊಂಡು, ಬಾಯಿಯ ಕಡೆ ಟಾರ್ಚ್ ಬಿಟ್ಟು, “ಇಲ್ನೋಡು” ಅಂದರು. ಮೂರು ಪಿನ್ನುಗಳಲ್ಲಿ ಎರಡು ಹೊಳೆಯುತ್ತಿದ್ದವು. ಮೂರನೆಯದರ ಸುತ್ತ ಬಿಳಿ ಪ್ಲಾಸ್ಟಿಕ್ ಚಹಾದ ಬಣ್ಣಕ್ಕೆ ತಿರುಗಿ ಸ್ವಲ್ಪ ಕರಗಿತ್ತು. ಪಿನ್ನಿನ ಬುಡದಲ್ಲಿ ಹಸಿರು ಕಿಲುಬು. ಮೂಗಿನ ಹತ್ತಿರ ಹಿಡಿದರೆ ಸುಟ್ಟ ವಾಸನೆ ಇನ್ನೂ ಇತ್ತು.

ಮಳೆನೀರು ಹೋಗಿ ಪಿನ್ನು ಕಿಲುಬು ಹಿಡಿದಿತ್ತು. ಕಿಲುಬಿಗೆ ಬಿಸಿ, ಬಿಸಿಗೆ ಪಿನ್ನು ಸಡಿಲ, ಸಡಿಲಾದಷ್ಟೂ ಇನ್ನೂ ಬಿಸಿ. ಕಪ್ಲರ್ ಬಿಚ್ಚಿ ಸ್ಟೇಟರ್ ನೋಡಿದಾಗ ಎಲ್ಲ ಸರಿ ಕಂಡಿದ್ದು ಅದಕ್ಕೇ. ಕರೆಂಟ್ ಹರಿಯದಿದ್ದಾಗ ಸುಟ್ಟ ಪಿನ್ನೂ ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಹರಿಯಲು ಶುರುವಾದಾಗಲೇ ಅದರ ಬಣ್ಣ ಬಯಲಾಗುವುದು.

ಫಾಗ್ ಲೈಟಿನ ಕೆಲಸ ನೋಡಿ ನಿಜಕ್ಕೂ ಬೇಜಾರಾಯ್ತು. ಯಾವುದೋ ಅಂಗಡಿಯಲ್ಲಿ 55 ವ್ಯಾಟಿನ ಎರಡು ಬಲ್ಬು ಹಾಕಿದ್ದರು. ಎರಡೂ ಸೇರಿ 110 ವ್ಯಾಟ್, ಅಂದರೆ ಎಂಟು ಆಂಪಿಯರಿಗೂ ಜಾಸ್ತಿ. ಅದಕ್ಕೆ ಕೂದಲೆಳೆಯಂಥ ವೈರು, ಫ್ಯೂಸ್ ಇಲ್ಲ, ರಿಲೇ ಇಲ್ಲ, ತಿರುಚಿ ಟೇಪ್ ಸುತ್ತಿದ ಜೋಡಣೆ. ಬೆಂಕಿ ಹತ್ತದೇ ಇದ್ದಿದ್ದೇ ದೊಡ್ಡದು. ಎಲ್ಲ ಕಿತ್ತೆ.

ಶನಿವಾರ ನಾನಾ ಪೇಟೆಗೆ ಹೋಗಿ ಹೊಸ ಕಪ್ಲರ್, ಟರ್ಮಿನಲ್, ರಿಲೇ, ಫ್ಯೂಸ್ ಹೋಲ್ಡರ್, 10 ವ್ಯಾಟಿನ ಎರಡು ಎಲ್‌ಇಡಿ ಲೈಟು ತಂದೆ. ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ವೈರಿಗೆ ಬಿಗಿಯಾಗುವ ಕೊಳವೆ) ಮಾತ್ರ ಬುಧವಾರ ಪೇಟೆಯ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಕ್ಕಿತು. ವೈರನ್ನು ಹೊಳೆಯುವ ತಾಮ್ರ ಸಿಗುವ ತನಕ ಹಿಂದಕ್ಕೆ ಕತ್ತರಿಸಿದೆ. ಬೆಸುಗೆ ಹಾಕಲು ಹೊರಟಿದ್ದೆ, ಕಾಕಾ ಬೇಡ ಅಂದರು. ಬೆಸುಗೆ ಮುಗಿಯುವ ಜಾಗದಲ್ಲಿ ವೈರು ಗಟ್ಟಿಯಾಗಿ, ಎಂಜಿನ್ ನಡುಕಕ್ಕೆ ಅಲ್ಲೇ ಮುರಿಯುತ್ತದಂತೆ. ಸರಿಯಾದ ಪ್ಲೈಯರ್ ಅವರ ಹತ್ತಿರವೇ ಇತ್ತು. ಟರ್ಮಿನಲ್ ಒತ್ತಿ, ಪ್ರತಿಯೊಂದನ್ನೂ ಜಗ್ಗಿ ನೋಡಿದೆವು. ಅರ್ಥಿಂಗ್ ಬೋಲ್ಟಿನ ಕೆಳಗಿನ ತುಕ್ಕನ್ನು ಪಾಲಿಶ್ ಪೇಪರಿನಿಂದ ಉಜ್ಜಿ, ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಹಚ್ಚಿದೆ.

ಈಗಿನ ಲೆಕ್ಕ: ಐಡಲ್‌ನಲ್ಲಿ 13.5, 4000ದಲ್ಲಿ 14.2, ಎಲ್ಲ ಲೈಟ್ ಹಾಕಿದರೂ 13.9. ಮಧ್ಯಾಹ್ನ ಮುಳಶಿ ದಾಟಿ ತಾಮ್ಹಿಣಿ ಘಾಟಿನ ತನಕ ಹೋಗಿಬಂದೆ. ದಾರಿಯಲ್ಲಿ ಮೂರು ಸಲ ನಿಲ್ಲಿಸಿ ಕಪ್ಲರ್ ಮುಟ್ಟಿ ನೋಡಿದೆ. ಉಗುರು ಬೆಚ್ಚಗೆ, ಅಷ್ಟೇ. ಚಹಾ ಕುಡಿದು ಬಂದು ಸೆಲ್ಫ್ ಒತ್ತಿದಾಗಲೂ ಒಂದೇ ಸಲಕ್ಕೆ ಎದ್ದಿತು.

ಬಾಕಿ ಇರುವುದು ಮುಂದಿನ ಚಕ್ರದ ಎಡಗಡೆಯ ಫೋರ್ಕ್ (ಶಾಕ್ ಅಬ್ಸಾರ್ಬರ್). ಆಯಿಲ್ ಸೋರುತ್ತಿದೆ, ಸೀಲ್ ತಂದಿಟ್ಟಿದ್ದೇನೆ. ಅದೂ ಮುಗಿದರೆ ದೀಪಾವಳಿಗೆ ಧಾರವಾಡಕ್ಕೆ ಇದರಲ್ಲೇ ಹೋಗುವ ಆಸೆ. 400 ಕಿ.ಮೀ.ಗೂ ಜಾಸ್ತಿ ದಾರಿ. ಕಾಕಾ ತಮ್ಮ ಪ್ಲೈಯರನ್ನು ಸೀಟಿನ ಕೆಳಗೆ ಇಟ್ಟುಕೊಂಡು ಹೋಗು ಅಂದಿದ್ದಾರೆ. ಬರುವಾಗ ಅವರಿಗೆ ಗಿರಮಿಟ್ಟಿನ ಚುರುಮುರಿ ತರಬೇಕಂತೆ.