ಅಷ್ಟು ದುಡ್ಡು ಹಾಕಿ ಮತ್ತೆ ಹೆಂಚೇ ಯಾಕೆ, ಮೋಲ್ಡ್ ಹಾಕಿಸಬಾರದಿತ್ತಾ?

ಊರಿಗೆ ಹೋದಾಗಲೆಲ್ಲ ಯಾರಾದರೊಬ್ಬರು ನಮ್ಮ ಜಗುಲಿ ಮುಂದೆ ನಿಂತು, ರಿಪೇರಿ ಮಾಡಿಸಿದ ಸೂರಿನ ಕಡೆ ತಲೆಯೆತ್ತಿ ನೋಡಿ ಇದನ್ನೇ ಕೇಳುತ್ತಾರೆ. ಮೋಲ್ಡ್ ಅಂದರೆ ಕಾಂಕ್ರೀಟ್ ಸೂರು. ಮೈಸೂರಿಗೆ ವಾಪಸ್ ಬಂದರೆ ಆಫೀಸಿನ ಗೆಳೆಯರದ್ದು ಅದರ ಇನ್ನರ್ಧ: "ಒಟ್ಟು ಎಷ್ಟಾಯ್ತು? ದುಡ್ಡು ಎಲ್ಲಿಂದ ಹೊಂದಿಸಿದೆ?" ಅವರಲ್ಲಿ ಹೆಚ್ಚಿನವರ ಊರಿನಲ್ಲೂ ಸೋರುವ ಒಂದು ಮನೆ, ಅದರೊಳಗೆ ವಯಸ್ಸಾದ ಅಪ್ಪನೋ ಅಮ್ಮನೋ ಇದ್ದಾರೆ. ಅದಕ್ಕೇ ಎರಡಕ್ಕೂ ಸೇರಿಸಿ ಒಂದೇ ಕಡೆ ಬರೆದಿಡುತ್ತಿದ್ದೇನೆ.

ನಮ್ಮದು ಮಂಡ್ಯ ಜಿಲ್ಲೆಯ ಪಾಂಡವಪುರ ತಾಲ್ಲೂಕಿನಲ್ಲಿ ಅಜ್ಜ ಕಟ್ಟಿಸಿದ ತೊಟ್ಟಿ ಮನೆ. ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ, ಹೊನ್ನೆ ಮತ್ತು ಮತ್ತಿ ಮರದ ತೊಲೆಗಳು, ಸೂರು ಹೊರುವ ಇಳಿಜಾರಿನ ಜಂತೆಗಳು, ಮೇಲೆ ಮಂಗಳೂರು ಹೆಂಚು. ಮೊದಲು ನಾಡಹೆಂಚಿತ್ತಂತೆ. ಕೋತಿ ಓಡಾಡಿದರೆ ಸಾಕು, ಸರಿದುಹೋಗುತ್ತಿತ್ತು ಎಂದು ಅಜ್ಜ ಅದನ್ನು ತೆಗೆಸಿದ್ದರು. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯವರು 1865ರಲ್ಲಿ ಮಂಗಳೂರಿನಲ್ಲಿ ಶುರು ಮಾಡಿದ ಆ ಹೆಂಚಿನ ಅಚ್ಚು, ಒಂದರ ತುಟಿ ಇನ್ನೊಂದರ ಕಾಲುವೆಯಲ್ಲಿ ಕೂರುವ ಆ ಲೆಕ್ಕ, ಇವತ್ತಿಗೂ ಹೆಚ್ಚು ಬದಲಾಗಿಲ್ಲ. ಆದ್ದರಿಂದಲೇ ಅಷ್ಟು ಹಳೆಯ ಹೆಂಚನ್ನು ಇಳಿಸಿ ಮತ್ತೆ ಹೊದಿಸಬಹುದು.

ಈಗ ಮೋಲ್ಡ್ ವಿಷಯ. ನಾನೂ ಮೊದಲು ಹೊರಟಿದ್ದು ಅದಕ್ಕೇ. ನಮ್ಮ ಕಡೆ ಮೋಲ್ಡ್ ಅಂದರೆ ಮರ್ಯಾದೆ. ಹೆಣ್ಣು ಕೊಡುವವರೂ ಅದನ್ನೇ ನೋಡುತ್ತಾರೆ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿದ ಮೇಲಂತೂ "ಈಗಲಾದರೂ ಹಾಕಿಸಿ" ಎನ್ನುವವರು ಹೆಚ್ಚಾಗಿದ್ದಾರೆ. ಆದರೆ ಸೂರು ಏನಿರಬೇಕು ಅನ್ನುವುದನ್ನು ತೀರ್ಮಾನಿಸುವುದು ಗೋಡೆ. ತೂಕ ಹಾಕಿ ನೋಡಿ. ಒಂದು ಚದರ, ಅಂದರೆ 100 ಚದರಡಿ ಹೆಂಚಿನ ಹೊದಿಕೆ, ಹೆಂಚು ಕೂರುವ ಮರದ ಪಟ್ಟಿ ಅಂದರೆ ರೀಪೂ ಸೇರಿ, ಸುಮಾರು 600 ಕೆಜಿ. ಅಷ್ಟೇ ಜಾಗಕ್ಕೆ 5 ಇಂಚಿನ ಕಾಂಕ್ರೀಟ್ ಹಾಸಿದರೆ 2,900 ಕೆಜಿ ಹತ್ತಿರ. ಹೆಚ್ಚುಕಡಿಮೆ ಐದು ಪಟ್ಟು. ನೀರು ಕುಡಿದು ಕುಡಿದು ತಲೆ ಸಡಿಲವಾದ ಮಣ್ಣಿನ ಗೋಡೆಯ ಮೇಲೆ ಅದನ್ನು ಹೊರಿಸುವುದು ಹೇಗೆ? ಹೊರಿಸಬೇಕಾದರೆ ಪಾಯದಿಂದ ಪಿಲ್ಲರ್ ಎಬ್ಬಿಸಬೇಕು. ಪಿಲ್ಲರ್ ಎಬ್ಬಿಸಿದರೆ ಗೋಡೆ ಒಡೆಯಬೇಕು. ಗೋಡೆ ಒಡೆದರೆ ಅದು ಹೊಸ ಮನೆ, ಅದರ ಲೆಕ್ಕವೇ ಬೇರೆ. ಹೆಂಚಿನ ಸೂರಿಗೆ ನಮಗೆ ತಗುಲಿದ ಸುಮಾರು ಮೂರೂವರೆ ಲಕ್ಷಕ್ಕೆ ಪಿಲ್ಲರ್ ಕೆಲಸವೇ ಮುಗಿಯುತ್ತಿರಲಿಲ್ಲ. ನಿಮ್ಮದು ಇಟ್ಟಿಗೆ ಅಥವಾ ಕಲ್ಲಿನ ಗಟ್ಟಿ ಗೋಡೆಯಾಗಿದ್ದರೆ ಉತ್ತರ ಬೇರೆ ಇರಬಹುದು. ಎಂಜಿನಿಯರ್ ಒಬ್ಬರನ್ನು ಕರೆಸಿ, ಗೋಡೆಯನ್ನೂ ಪಾಯವನ್ನೂ ತೋರಿಸಿ ಕೇಳಿ. ಅದಕ್ಕೆ ಕೊಡುವ ಫೀಸು ಇಡೀ ಕೆಲಸದಲ್ಲೇ ಸಾರ್ಥಕವಾದ ದುಡ್ಡು.

ಕಲರ್ ಶೀಟು ಹಗುರ, ಬೇಗ ಮುಗಿಯುತ್ತದೆ, ನಿಜ. ಅಮ್ಮನಿಗೆ 74 ವರ್ಷ, ಮಧ್ಯಾಹ್ನ ಒಳಗೇ ಇರುತ್ತಾಳೆ. ಏಪ್ರಿಲ್ ಬಿಸಿಲಿಗೆ ಕಾದ ಶೀಟಿನ ಕೆಳಗೆ ಅವಳನ್ನು ಕೂರಿಸಲು ನನಗೆ ಮನಸ್ಸು ಬರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಕೆಲಸ ಹಿಡಿಯಬೇಕು ಎಂದುಕೊಂಡೆವು. ನಮ್ಮ ಭಾಗದಲ್ಲಿ ಸೂರು ಬಿಚ್ಚಲು ಜನವರಿ ಕೊನೆಯಿಂದ ಯುಗಾದಿವರೆಗಿನ ಅವಧಿಯೇ ಸರಿ. ಏಪ್ರಿಲ್ ಮಧ್ಯಕ್ಕೆ ಅಶ್ವಿನಿ, ಕೊನೆಗೆ ಭರಣಿ ಹುಟ್ಟುತ್ತವೆ. ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ ಎನ್ನುವುದು ಹೊಲಕ್ಕೆ ಸರಿ. ಹೆಂಚಿಳಿಸಿದ ಮನೆಗೆ ಆ ಗುಡುಗು ಗಾಳಿ ಸಮೇತದ ಮಳೆಯಷ್ಟು ಕೆಟ್ಟದ್ದು ಇನ್ನೊಂದಿಲ್ಲ, ಟಾರ್ಪಾಲನ್ನೇ ಕಿತ್ತುಕೊಂಡು ಹೋಗುತ್ತದೆ. ಹಾಗಾಗಿ ಬಡಗಿಯನ್ನೂ ಗಾರೆಯವರನ್ನೂ ದೀಪಾವಳಿ ಹೊತ್ತಿಗೇ ಮಾತಾಡಿಸಿಟ್ಟುಕೊಳ್ಳಿ. ಜನವರಿಯಲ್ಲಿ ಹುಡುಕಲು ಹೊರಟರೆ ಕೈಗೆ ಸಿಗುವುದಿಲ್ಲ. ತೊಟ್ಟಿ ಮನೆಗೆ ಒಂದು ಅನುಕೂಲವಿದೆ. ನಾಲ್ಕು ಮಗ್ಗುಲನ್ನು ಒಂದೊಂದಾಗಿ ಬಿಚ್ಚಬಹುದು. ಪಡುವಣ ಕಡೆ ಕೆಲಸ ನಡೆಯುವಾಗ ಅಮ್ಮ ಮೂಡಣ ಕಡೆ ಒಲೆ ಹಚ್ಚುತ್ತಿದ್ದಳು.

ಬಡಗಿ ಕೆಳಗಿನಿಂದ ನೋಡಿ ಹೇಳಿದ ಅಂದಾಜು 2 ಲಕ್ಷ 60 ಸಾವಿರ. ಒಟ್ಟು 14 ಚದರ ಸೂರು, ಚದರಕ್ಕೆ ಸುಮಾರು 150ರಂತೆ 2,100 ಹೆಂಚು. ಅರ್ಧಕ್ಕಿಂತ ಹೆಚ್ಚು ಹಳೆಯದೇ ಸಾಕು, ರೀಪು ಪೂರ್ತಿ ಹೊಸದು, ಜಂತೆ ಹತ್ತೋ ಹನ್ನೆರಡೋ ಬದಲಾಯಿಸಿದರೆ ಆಯ್ತು ಎಂದರು.

ಮೊದಲನೇ ದಿನ ಪಡುವಣ ಮಗ್ಗುಲಿನ ಹೆಂಚು ಇಳಿಯಿತು. ಇಬ್ಬರು ಮೇಲೆ, ಒಬ್ಬರು ಏಣಿ ಮೇಲೆ, ಕೆಳಗೆ ಅಮ್ಮ. ಕೈಗೆ ಬಂದ ಒಂದೊಂದು ಹೆಂಚನ್ನೂ ಎಡಗೈ ಮೇಲೆ ಇಟ್ಟುಕೊಂಡು ಬಲಗೈ ಬೆರಳ ಗೆಣ್ಣಿನಿಂದ ತಟ್ಟುತ್ತಿದ್ದಳು. ಟಣ್ ಎಂದರೆ ಬಲಕ್ಕೆ, ಬೊದ್ ಎಂದರೆ ಎಡಕ್ಕೆ. ಬಿರುಕು ಕಣ್ಣಿಗೆ ಕಾಣದಿದ್ದರೂ ಸದ್ದಿನಲ್ಲಿ ಸಿಕ್ಕಿಬೀಳುತ್ತದೆ. ಸಂಜೆ ಹೊತ್ತಿಗೆ ಎರಡು ರಾಶಿ. ಕೊನೆಗೆ ನಾಲ್ಕೂ ಮಗ್ಗುಲು ಸೇರಿ 1,340 ಹೆಂಚು ಉಳಿದವು. 850 ಹೊಸದು ತಂದೆವು, ಒಂದಕ್ಕೆ 36 ರೂಪಾಯಿ ಬಿತ್ತು.

ಮಾರನೇ ದಿನ ಬಡಗಿ ನನ್ನನ್ನು ಮೇಲೆ ಕರೆದರು. ಗೋಡೆಯ ಮೇಲೆ ಕೂತ ಜಂತೆಯ ತುದಿ ನೋಡಲು ಗಟ್ಟಿಯಾಗೇ ಇತ್ತು, ಮೇಲೆ ಸುಣ್ಣದ ಬಿಳಿ ಪದರವೂ ಹಾಗೇ ಇತ್ತು. "ಹೆಬ್ಬೆರಳು ಒತ್ತಿ ಸ್ವಾಮಿ" ಅಂದರು. ಒತ್ತಿದೆ. ಬೆರಳು ಉಗುರು ಮುಳುಗುವಷ್ಟು ಒಳಗೆ ಹೋಯಿತು. ಒಳಗೆಲ್ಲ ಗೆದ್ದಲು ಕಟ್ಟಿದ ಮಣ್ಣು, ಮರವೇ ಇಲ್ಲ. ಎಷ್ಟು ವರ್ಷದಿಂದ ಅದರ ಕೆಳಗೆ ಮಲಗಿದ್ದೆವೋ ಎಂದು ಎದೆ ಧಸಕ್ಕೆಂದಿತು. ನಡುವಿನಲ್ಲಿ ಕಬ್ಬಿಣದಂತಿದ್ದ ಹೊನ್ನೆ, ಗೋಡೆಗೆ ತಾಗಿದ ಒಂದು ಅಡಿಯಲ್ಲಿ ಮಾತ್ರ ಹೀಗಾಗಿತ್ತು. ಸೂರಂಚಿನ ಹೆಂಚು ಸರಿದ ಕಡೆ ನೀರು ಗೋಡೆಯ ತಲೆಗೆ ಇಳಿಯುತ್ತದೆ. ಮಣ್ಣು ಅದನ್ನು ಹಿಡಿದಿಟ್ಟುಕೊಂಡು ಮರಕ್ಕೆ ಕೊಡುತ್ತಲೇ ಇರುತ್ತದೆ. ಗೆದ್ದಲಿಗೆ ಬೇಕಾದದ್ದೂ ಅದೇ.

ಆ ದಿನ ಲೆಕ್ಕ ತಲೆಕೆಳಗಾಯಿತು. ಹನ್ನೆರಡರ ಜಾಗದಲ್ಲಿ 31 ಜಂತೆ, ಜೊತೆಗೆ ಒಂದು ತೊಲೆ: ಮರಕ್ಕೇ 46,000 ಹೆಚ್ಚುವರಿ. ಗೋಡೆಯ ತಲೆಯಲ್ಲಿ ಸಡಿಲವಾದ ಮಣ್ಣು ಕೆರೆದು ತೆಗೆದು, ಸುತ್ತಲೂ 4 ಇಂಚಿನ ಬೆಲ್ಟ್ ಕಾಂಕ್ರೀಟ್ ಹಾಕಿಸಲು 38,000. ಒಟ್ಟು 3 ಲಕ್ಷ 44 ಸಾವಿರಕ್ಕೆ ನಿಂತಿತು. ಮೊದಲ ಅಂದಾಜಿಗಿಂತ ಮೂರನೇ ಒಂದು ಪಾಲಿನಷ್ಟು ಜಾಸ್ತಿ. ಬಡಗಿಯದ್ದು ಮೋಸವಲ್ಲ, ಕೆಳಗಿನಿಂದ ಯಾರಿಗೂ ಅದು ಕಾಣುತ್ತಿರಲಿಲ್ಲ. ದುಡ್ಡು ಹೊಂದಿಸಲು ಹೊರಟವರಿಗೆ ನಾನು ಗಟ್ಟಿಯಾಗಿ ಹೇಳುವುದು ಇದೊಂದನ್ನೇ. ರೇಟು ಮಾತಾಡುವ ಮೊದಲು ಒಬ್ಬ ಬಡಗಿಗೆ ಒಂದು ದಿನದ ಕೂಲಿ ಕೊಟ್ಟು, ಹೆಚ್ಚು ಸೋರುವ ಮೂಲೆಯಲ್ಲಿ ಅರ್ಧ ಚದರ ಹೆಂಚು ತೆಗೆಸಿ, ಜಂತೆಯ ತುದಿಗಳನ್ನು ಮುಟ್ಟಿ ನೋಡಿ. ಹಾಗೆ ನೋಡಿದ ಮೇಲೂ ಅಂದಾಜಿನ ಮೂರನೇ ಒಂದು ಪಾಲನ್ನು ಪಕ್ಕಕ್ಕಿಟ್ಟುಕೊಂಡೇ ಸೂರಿಗೆ ಕೈ ಹಾಕಿ. ಹೆಂಚು ಇಳಿದ ಮನೆಯಲ್ಲಿ ಕೂತು ಸಾಲ ಹುಡುಕುವವರಿಗೆ ಬಡ್ಡಿ ಚೌಕಾಸಿ ಮಾಡುವಷ್ಟು ತಾಳ್ಮೆ ಇರುವುದಿಲ್ಲ.

ಇನ್ನು ದುಡ್ಡು. ಮೊದಲು ಹೋಗಿದ್ದು ಬ್ಯಾಂಕಿಗೆ. ಮನೆ ರಿಪೇರಿಗೂ ಸಾಲ ಕೊಡುತ್ತಾರೆ, ಬಡ್ಡಿಯೂ ಕೈಸಾಲಕ್ಕಿಂತ ಎಷ್ಟೋ ಕಡಿಮೆ. ಅವರು ಕೇಳಿದ್ದು ಪಂಚಾಯಿತಿಯ ಇ-ಸ್ವತ್ತು ನಮೂನೆ 9 ಮತ್ತು 11, ಅಂದರೆ ಮನೆಯ ಆಸ್ತಿ ದಾಖಲೆ. ಅಲ್ಲೇ ನಿಂತಿತು. ಪಂಚಾಯಿತಿಯಲ್ಲಿ ಮನೆಯ ಖಾತೆ ಇನ್ನೂ ಅಜ್ಜನ ಹೆಸರಿನಲ್ಲಿತ್ತು. ಅಪ್ಪ ಬದಲಾಯಿಸಿಕೊಂಡಿರಲಿಲ್ಲ, ನಾವೂ ಕೇಳಿರಲಿಲ್ಲ. ಮರಣ ಪತ್ರ, ವಂಶವೃಕ್ಷ, ಚಿಕ್ಕಪ್ಪ ಅತ್ತೆಯರ ಒಪ್ಪಿಗೆ, ಇವೆಲ್ಲ ಒಂದು ಬೇಸಿಗೆಯಲ್ಲಿ ಮುಗಿಯುವ ಕೆಲಸವಲ್ಲ. ನಿಮ್ಮ ಮನೆ ಈ ವರ್ಷ ಸೋರದಿದ್ದರೂ ಪರವಾಗಿಲ್ಲ, ಖಾತೆ ಯಾರ ಹೆಸರಿನಲ್ಲಿದೆ ಎಂದು ಈ ತಿಂಗಳೇ ಹೋಗಿ ನೋಡಿ. ದೊಡ್ಡವರು ಬದುಕಿರುವಾಗ ಒಂದು ಸಹಿಯಲ್ಲಿ ಆಗುವುದು ಆಮೇಲೆ ಹತ್ತು ಸಹಿ ಕೇಳುತ್ತದೆ. ಸಾಲ ಸಿಕ್ಕವರು ಇನ್ನೊಂದು ನೆನಪಿಡಿ: ಸ್ವಂತ ವಾಸದ ಮನೆಯ ರಿಪೇರಿ ಸಾಲದ ಬಡ್ಡಿಗೆ ಹಳೆಯ ತೆರಿಗೆ ಪದ್ಧತಿಯಲ್ಲಿ ವರ್ಷಕ್ಕೆ 30,000ದವರೆಗೆ ಮಾತ್ರ ವಿನಾಯಿತಿ. 2 ಲಕ್ಷದವರೆಗಿನ ವಿನಾಯಿತಿ ಮನೆ ಕೊಳ್ಳುವ, ಕಟ್ಟುವ ಸಾಲಕ್ಕೆ.

ಸರ್ಕಾರದ ಸ್ಕೀಮ್ ಇಲ್ಲವಾ ಎಂದೂ ಕೇಳುತ್ತಾರೆ. ಗ್ರಾಮೀಣ ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಬಯಲು ಸೀಮೆಗೆ 1 ಲಕ್ಷ 20 ಸಾವಿರ ಸಿಗುತ್ತದೆ. ಅದು ಮನೆಯೇ ಇಲ್ಲದವರಿಗೆ, ಕಚ್ಚಾ ಮನೆಯವರಿಗೆ, ಹೊಸದಾಗಿ ಕಟ್ಟಿಕೊಳ್ಳಲು. ನಮ್ಮಂಥವರು ಅದಕ್ಕೆ ಕೈಯೊಡ್ಡುವುದು ಸರಿಯಲ್ಲ.

ಹಾಗಾಗಿ ಹೊಂದಿಸಿದ್ದು ಹೀಗೆ. ಕೈಯಲ್ಲಿದ್ದ ಉಳಿತಾಯ 1,20,000. ಒಂದೂವರೆ ಲಕ್ಷದ ಚೀಟಿಯನ್ನು 20,000 ಬಿಟ್ಟು ಕೂಗಿದ್ದಕ್ಕೆ 1,30,000. ಉಳಿದ 94,000ಕ್ಕೆ ಹೆಂಡತಿಯ ಬಳೆ ಬ್ಯಾಂಕಿನಲ್ಲಿಟ್ಟೆವು. ಚೀಟಿ ಹಾಕುವವರು ನೋಂದಣಿಯಾದದ್ದರಲ್ಲೇ ಹಾಕಿ. 1982ರ ಚಿಟ್ ಫಂಡ್ ಕಾಯ್ದೆಯ ರಕ್ಷಣೆ ಸಿಗುವುದು ಅಂಥದ್ದಕ್ಕೆ. ಕೂಗುವಾಗ ಬಿಡುವ ದುಡ್ಡನ್ನು ಬಡ್ಡಿ ಎಂದೇ ಎಣಿಸಿ. ನನ್ನ 20,000 ಸೂರಿನ ಖರ್ಚಿನ ಪಟ್ಟಿಯಲ್ಲಿ ಬರೆದಿಲ್ಲ, ಬರೆಯಬೇಕಿತ್ತು. ಬಳೆಯನ್ನು ಕಬ್ಬಿನ ದುಡ್ಡು ಬಂದ ತಕ್ಷಣ ಬಿಡಿಸುವ ಯೋಚನೆಯಿತ್ತು. ಕಬ್ಬು ಸರಬರಾಜಾದ 14 ದಿನದೊಳಗೆ ದುಡ್ಡು ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ನಮಗೆ ಬಂದಿದ್ದು ಎರಡೂವರೆ ತಿಂಗಳಿಗೆ. ಅಷ್ಟೂ ದಿನದ ಬಡ್ಡಿ ನಮ್ಮ ತಲೆಗೇ ಬಿತ್ತು. ಮಂಡ್ಯದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೈಗೆ ಬರದ ಕಬ್ಬಿನ ಬಿಲ್ಲನ್ನು ನಂಬಿ ಹೆಂಚು ಇಳಿಸಬೇಡಿ.

ಕೆಲಸದವರಿಗೆ ದುಡ್ಡು ಕೊಡುವುದರಲ್ಲೂ ಒಂದು ಕ್ರಮ ಇಟ್ಟುಕೊಂಡಿದ್ದೆ. ಅರ್ಧ ಅಡ್ವಾನ್ಸ್ ಕೇಳಿದ ಒಬ್ಬರನ್ನು ಮೊದಲೇ ಬಿಟ್ಟೆ. ಮರ ನಾನೇ ಡಿಪೋಗೆ ಹೋಗಿ ತಂದೆ. ಕೂಲಿಯನ್ನು ಒಂದೊಂದು ಮಗ್ಗುಲು ಮುಗಿದಂತೆ ಕೊಟ್ಟೆ. 15,000 ಮಾತ್ರ ಮೊದಲ ಮಳೆ ಬೀಳುವವರೆಗೆ ಹಿಡಿದಿಡುತ್ತೇನೆ ಎಂದು ಮೊದಲ ದಿನವೇ ಹೇಳಿದ್ದೆ. ಮೊದಲೇ ಹೇಳಿದ್ದರಿಂದ ಅವರಿಗೆ ಬೇಸರವಾಗಲಿಲ್ಲ.

ಕೆಲಸ ಗೊತ್ತಿದ್ದವರು ಹೇಳಿಕೊಟ್ಟ ಒಂದೆರಡು ಸೂಕ್ಷ್ಮ. ಹೊಸ ಹೆಂಚು ಹಳೆಯದರ ಜೊತೆ ಸರಿಯಾಗಿ ಕಚ್ಚಿಕೊಳ್ಳುವುದಿಲ್ಲ. ಕಾರ್ಖಾನೆ ಬೇರೆಯಾದರೆ ತುಟಿಯ ಅಳತೆಯಲ್ಲಿ ನೂಲಿನಷ್ಟು ವ್ಯತ್ಯಾಸ ಬರುತ್ತದೆ, ನೀರಿಗೆ ಅಷ್ಟು ಸಾಕು. ಆದ್ದರಿಂದ ಬೆರೆಸದೆ ಪಡುವಣ ಮಗ್ಗುಲಿಗೆ ಹೊಸದು, ಉಳಿದ ಕಡೆ ಹಳೆಯದು ಹೊದಿಸಿದರು. ರೀಪಿನ ಅಂತರವನ್ನೂ ಬಾಯಿಲೆಕ್ಕದಲ್ಲಿ ಹೊಡೆಯದೆ, ಎರಡು ಹೆಂಚನ್ನು ಕಚ್ಚಿಸಿ ನೆಲದ ಮೇಲಿಟ್ಟು ಅಳೆದುಕೊಂಡೇ ಮೊಳೆ ಹೊಡೆದರು. ಹೊಸ ಜಂತೆಯ ತುದಿಗೆ ಗೆದ್ದಲೆಣ್ಣೆ, ಅದರ ಮೇಲೆ ಟಾರು.

ಕೊಟ್ಟಿಗೆಯ ಮೇಲೆ ಹಳೆಯ ಸಿಮೆಂಟ್ ಶೀಟಿತ್ತು, ಅದನ್ನೂ ಇಳಿಸಿದೆವು. ನಮ್ಮ ಕಡೆಯ ಎಷ್ಟೋ ಮನೆಗಳ ಮೇಲೆ ಅದೇ ಇದೆ. ಅದರಲ್ಲಿರುವುದು ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಅದರ ಧೂಳು ಶ್ವಾಸಕೋಶದ ಕ್ಯಾನ್ಸರಿಗೆ ದಾರಿ. ಸುತ್ತಿಗೆಯಲ್ಲಿ ಒಡೆದು ಕೆಳಗೆ ಬೀಳಿಸುವುದನ್ನು ಕಂಡರೆ ದಯವಿಟ್ಟು ತಡೆಯಿರಿ. ನೀರು ಹೊಡೆದು ನೆನೆಸಿ, ಬೋಲ್ಟ್ ಬಿಚ್ಚಿ, ಇಡಿಯಾಗಿ ಇಳಿಸಬೇಕು. ಗ್ರೈಂಡರ್ ಹಚ್ಚಬಾರದು, ಬಿದ್ದ ಪುಡಿಯನ್ನು ಒಣ ಪೊರಕೆಯಲ್ಲಿ ಗುಡಿಸಬಾರದು, ಮಕ್ಕಳನ್ನು ಹತ್ತಿರ ಬಿಡಬಾರದು.

ಯುಗಾದಿಗೆ ನಾಲ್ಕು ದಿನ ಇರುವಾಗ ನೆತ್ತಿಯ ಕೋಡುಹೆಂಚು ಕೂತಿತು. ಅಡುಗೆಮನೆ ಮೇಲೆ ಎರಡು ಗಾಜಿನ ಹೆಂಚು ಹಾಕಿಸಿದ್ದೇವೆ. ಬೆಳಿಗ್ಗೆ ಹತ್ತರ ಬಿಸಿಲು ಅದರಿಂದ ಇಳಿದು ಸರಿಯಾಗಿ ಒರಳುಕಲ್ಲಿನ ಮೇಲೆ ಬೀಳುತ್ತದೆ.

ಏಪ್ರಿಲ್ ಮೂರನೇ ವಾರ ಮೊದಲ ಮಳೆ. ರಾತ್ರಿ ಅಮ್ಮ ಫೋನ್ ಮಾಡಿದಳು: ಎಲ್ಲೂ ಇಲ್ಲ, ತೊಟ್ಟಿಯ ಈಶಾನ್ಯ ಮೂಲೆಯಲ್ಲಿ ಮಾತ್ರ ಹನಿ ಬೀಳುತ್ತಿದೆ. ಎರಡು ಮಗ್ಗುಲಿನ ನೀರು ಬಂದು ಸೇರುವ ಮೂಲೆ ದೋಣಿ ಅದು. ತಗಡಿನ ಅಂಚು ಒಂದು ಕಡೆ ಎರಡು ಬೆರಳಿನಷ್ಟು ಗಿಡ್ಡವಾಗಿತ್ತು. ಮಾರನೇ ದಿನವೇ ಬಡಗಿ ಬಂದು ಮೂರು ಹೆಂಚು ಎಬ್ಬಿಸಿ, ಅಗಲದ ತಗಡು ಮಡಿಸಿ ಕೂರಿಸಿ ಹೋದರು. ಆ ವಾರ ಇನ್ನೆರಡು ಮಳೆ ಬಂತು, ಮೂಲೆ ಒಣಗಿಯೇ ಇತ್ತು. ಭಾನುವಾರ ಊರಿಗೆ ಹೋಗಿ 15,000 ಅವರ ಕೈಗೆ ಕೊಟ್ಟೆ. ಉಳಿದ 90 ಹೆಂಚನ್ನು ಕೊಟ್ಟಿಗೆ ಹಿಂದೆ ಜೋಡಿಸಿಟ್ಟಿದ್ದೇವೆ.